ಟಪಾಲು ಕೆಂಪಸಿದ್ದಯ್ಯನ ಹೊರೆಗಲ್ಲು

ಮದ್ದೂರಿನಿಂದ ಮಳವಳ್ಳಿಗೆ ಟಪಾಲು ಇನ್ನೂ ಕಾಲ ಮೇಲೆ ಹೋಗುತ್ತಿದ್ದ ಕಾಲ. ಹೊತ್ತು ಓಡುತ್ತಿದ್ದವನು ಕೆಂಪಸಿದ್ದಯ್ಯ. ಮದ್ದೂರಿನಲ್ಲಿ ಚೀಲ ಹೆಗಲಿಗೇರಿಸಿದರೆ ಏಳು ಮೈಲಿ ಆಚೆ ಕಾಳಮುದ್ದನದೊಡ್ಡಿಯಲ್ಲಿ ಇಳಿಸುವುದು. ಅಲ್ಲಿ ಚಿಕ್ಕಮಾದು ಕಾದಿರುತ್ತಿದ್ದ. ಅವನು ಚೀಲ ತೆಗೆದುಕೊಂಡು ಮಳವಳ್ಳಿಗೆ ಓಡುವನು. ಇವನು ಮಳವಳ್ಳಿಯಿಂದ ಬಂದ ಚೀಲ ಹೊತ್ತು ಹಿಂದಕ್ಕೆ ಓಡುವನು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಆ ಗೆಜ್ಜೆ ಕೇಳಿ ದಾರಿಯ ಊರಿನ ಹೆಂಗಸರು ಒಲೆಯ ಮೇಲೆ ಎಸರಿಡುತ್ತಿದ್ದರು.

ಅವನ ಅಪ್ಪನೂ ಟಪಾಲಿನವನೇ. ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು. ಹೆಗಲ ಮೇಲೆ ಚೀಲ ಇದ್ದಾಗ ಸತ್ತವರು ಎದ್ದು ಬಂದು ಕರೆದರೂ ನಿಲ್ಲಬೇಡ ಎಂದು. ಹದಿನಾಲ್ಕು ವರ್ಷ ಕೆಂಪಸಿದ್ದಯ್ಯ ನಿಲ್ಲಲಿಲ್ಲ. ಹಾವು ಅಡ್ಡ ಬಂದರೆ ಹಾರಿದ. ಮಳೆ ಬಂದರೆ ಚೀಲಕ್ಕೆ ಕಂಬಳಿ ಹೊದಿಸಿ ತಾನು ನೆನೆದ. ಹೆಂಡತಿ ಮರಿತಾಯಮ್ಮ ಅವನ ಅಕ್ಕನ ಮಗಳು, ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಅವಳೇ ದಾರಿಯಲ್ಲಿ ಎದುರಾದರೂ ಮುಖ ತಿರುಗಿಸದೆ ಹೋಗುತ್ತಿದ್ದ. ಚೀಲ ಇದ್ದಾಗ ಅವನು ಗಂಡನಲ್ಲ, ಸರ್ಕಾರದ ಎತ್ತು ಎಂದು ಅವಳು ನೆರೆಮನೆಯ ಬೆಳ್ಳಮ್ಮನ ಹತ್ತಿರ ಹೇಳಿ ನಗುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ದೇವಿರಮ್ಮ. ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದಳು. ಏಳು ತುಂಬಿತ್ತು. ಬೇಡ ಎಂದರೂ ಕೇಳದೆ ಬದುವಿಗೆ ಹೋಗಿ ಹುಲ್ಲು ಕೊಯ್ದಳು. ಅವರ ಊರು ಮದ್ದೂರಿನಿಂದ ಮೂರು ನಾಲ್ಕು ಮೈಲಿ ಆಚೆ, ಟಪಾಲಿನ ದಾರಿಯಲ್ಲೇ. ಹೊರೆ ಹೊತ್ತು ಊರ ಹತ್ತಿರದ ಹೊಂಗೆಮರದ ತಿರುವಿಗೆ ಬರುವಾಗ ಸೊಂಟ ಹಿಡಿಯಿತು. ಎದುರಿಗೆ ಗೆಜ್ಜೆಯ ಸದ್ದು ಬಂತು.

“ಅಪ್ಪ, ಒಸಿ ಇಳ್ಸು.”

“ಚೀಲ ಅದೆ ಕಣವ್ವ. ಬತ್ತಾ ಇಳುಸ್ತೀನಿ.”

ಬರುವಾಗಲೂ ಹೆಗಲ ಮೇಲೆ ಚೀಲ ಇರುತ್ತದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಅವನು ದೊಡ್ಡಿ ಮುಟ್ಟಿ ಹಿಂದಕ್ಕೆ ಬರುವಷ್ಟರಲ್ಲಿ ಮರದ ಕೆಳಗೆ ಹುಲ್ಲು ಚೆಲ್ಲಿತ್ತು, ಮಗಳು ಇರಲಿಲ್ಲ. ಒಬ್ಬಳೇ ಕೆಡವಲು ಹೋಗಿ ಹೊರೆಯ ಜೊತೆ ತಾನೂ ಬಿದ್ದಿದ್ದಳು. ಯಾರೋ ಹೊತ್ತು ಮನೆಗೆ ತಂದಿದ್ದರು. ಅವನು ಮದ್ದೂರಿಗೆ ಓಡಿ ಚೀಲ ಕೊಟ್ಟು ಮನೆಗೆ ಬಂದ. ಮೂರನೆಯ ದಿನ ತಾಯಿ ಮಗು ಎರಡೂ ಹೋದವು.

ಮರಿತಾಯಮ್ಮ ಅವನನ್ನು ಬೈಯಲಿಲ್ಲ. ಅವನೂ ಅಳಲಿಲ್ಲ. ಮಾರನೆಯ ದಿನ ಚೀಲ ಹೊತ್ತ.

ಬಸುರಿ ಸತ್ತರೆ ಅವಳ ಹೆಸರಿನಲ್ಲಿ ಹೊರೆಗಲ್ಲು ನಿಲ್ಲಿಸಬೇಕು. ಆ ಸೀಮೆಯ ಪದ್ಧತಿ ಅದು. ಎರಡು ಕಂಬ ನೆಟ್ಟು ತಲೆಯ ಎತ್ತರಕ್ಕೆ ಮೇಲೊಂದು ಚಪ್ಪಡಿ ಹೇರುತ್ತಾರೆ. ಹೊರೆ ಹೊತ್ತು ಬಂದವರು ಚಪ್ಪಡಿಯ ಮೇಲೆ ಜಾರಿಸಿ ಬೆವರೊರೆಸಿಕೊಂಡು ಮತ್ತೆ ತಲೆಗೆ ತೆಗೆದುಕೊಳ್ಳುತ್ತಾರೆ. ಯಾರನ್ನೂ ಕರೆಯಬೇಕಾಗಿಲ್ಲ. ಕಲ್ಲಿಲ್ಲದ ಕಡೆ ಕರೆಯಲೇಬೇಕು. ಒಬ್ಬಳೇ ಕೆಡವಿದರೆ ಕಟ್ಟು ಬಿಚ್ಚುತ್ತದೆ, ಮತ್ತೆ ಎತ್ತಿಕೊಡಲು ಆಳು ಬೇಕು. ಅದಕ್ಕೆ ದಾರಿಯಲ್ಲಿ ಯಾರು ಸಿಕ್ಕಿದರೂ ಒಸಿ ಇಳಿಸಿ ಎನ್ನುವುದು ಹೆಂಗಸರ ಬಾಯಲ್ಲಿ ಇದ್ದೇ ಇರುತ್ತದೆ. ಹೀಗೆ ಒಬ್ಬೊಬ್ಬರು ಕಲ್ಲಿನ ಮೇಲೆ ಇಳಿಸಿದಾಗಲೂ ಸತ್ತವಳ ಹೊರೆ ಅಷ್ಟಷ್ಟು ಇಳಿಯುತ್ತದೆ ಎನ್ನುತ್ತಾರೆ. ಮರಿತಾಯಮ್ಮ ಗಂಡನಿಗೆ ಹೇಳಿದ್ದು ಅಷ್ಟೇ. ಹೊಂಗೆಮರದ ಹತ್ತಿರ ಕಲ್ಲು ನಿಲ್ಲಬೇಕು.

ಆದರೆ ಆಳೆತ್ತರದ ಕಲ್ಲು ಕೀಳಿಸಿ ಗಾಡಿಯಲ್ಲಿ ತರಿಸುವುದು ಅವರ ಕೈಲಾಗದ ಕೆಲಸ. ಸರ್ಕಾರದ ರಸ್ತೆ, ಪಕ್ಕದಲ್ಲಿ ಗುಂಡಿ ತೋಡಲು ಅಪ್ಪಣೆಯೂ ಬೇಕು. ವರ್ಷ ಕಳೆಯಿತು. ಕಲ್ಲು ನಿಲ್ಲಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಮಳವಳ್ಳಿಯ ರಸ್ತೆ ಕಂಟ್ರಾಕ್ಟರು ಕಸ್ತೂರಿರಂಗಯ್ಯ ಒಂದು ಓಟದ ಪಂದ್ಯ ಹೂಡಿದರು. ಯಾವುದೋ ದೇಶದಲ್ಲಿ ಇಪ್ಪತ್ತಾರು ಮೈಲಿ ಓಡುತ್ತಾರಂತೆ, ಅದಕ್ಕೆ ಮ್ಯಾರಥಾನ್ ಎನ್ನುತ್ತಾರಂತೆ ಎಂದು ಪೇಪರಿನಲ್ಲಿ ಓದಿದ್ದರು. ಮಂಡ್ಯದಿಂದ ಮದ್ದೂರಿಗೆ ಹನ್ನೆರಡು, ಮದ್ದೂರಿನಿಂದ ಮಳವಳ್ಳಿಗೆ ಹದಿನಾಲ್ಕು. ಲೆಕ್ಕ ಸರಿಯಾಗಿ ಕೂತಿತು. ಗೆದ್ದವನಿಗೆ ಬೆಳ್ಳಿ ಬಟ್ಟಲು. ಅದರ ಮೇಲೆ ಅವನು ಏನು ಕೇಳಿದರೂ ತಮ್ಮ ಕೈಲಾದದ್ದನ್ನು ಮಾಡಿಕೊಡುವುದಾಗಿ ಡಂಗುರ ಹೊಡೆಸಿದರು. ಕಲ್ಲುಕ್ವಾರಿ ಅವರದೇ. ರಸ್ತೆಯ ಕೆಲಸವೂ ಅವರದೇ.

ಕೆಂಪಸಿದ್ದಯ್ಯ ಊರಿನ ಮೇಷ್ಟ್ರು ಯೋಗಾನರಸಿಂಹಯ್ಯನವರ ಹತ್ತಿರ ಹೋಗಿ ಹೆಸರು ಬರೆಸಿದ.

ಮೇಷ್ಟ್ರೇ ತಯಾರು ಮಾಡಿದರು. ಅವರೇನೂ ಓಡಿದವರಲ್ಲ, ಆದರೆ ಗಡಿಯಾರ ಇತ್ತು. ದಿನಾ ಟಪಾಲು ಮುಗಿಸಿ ಬಂದ ಮೇಲೆ ಸಂಜೆ ಬರಿಗೈಯಲ್ಲಿ ಓಡಬೇಕು ಎಂದರು. ಮೊದಲ ಸಂಜೆಯೇ ಗೊತ್ತಾಯಿತು. ಹದಿನಾಲ್ಕು ವರ್ಷ ಬಲ ಹೆಗಲಿಗೆ ಚೀಲ ಹೊತ್ತು ಅವನ ಮೈ ಎಡಕ್ಕೆ ವಾಲಿತ್ತು. ಚೀಲ ಇಲ್ಲದೆ ನೆಟ್ಟಗೆ ಓಡಲು ಬರಲಿಲ್ಲ. ಕಾಲು ರಸ್ತೆ ಬಿಟ್ಟು ಎಡಕ್ಕೆ ಎಡಕ್ಕೆ ಹೋಗುತ್ತಿತ್ತು.

“ಇಂಗೇ ಓಡುದ್ರೆ ಮಳವಳ್ಳಿಗಲ್ಲ ಮಾವ, ಸೀದಾ ಕೆರೆಗೇ ಓಯ್ತೀಯ” ಎಂದಳು ಮರಿತಾಯಮ್ಮ. ಮಗಳು ಸತ್ತ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅವತ್ತೇ.

ಅವನು ರಾಗಿ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಓಡಿದ. ಮೇಷ್ಟ್ರು ದಿನಕ್ಕೆ ಒಂದು ಹಿಡಿಯಂತೆ ರಾಗಿ ತೆಗೆಸುತ್ತ ಬಂದರು. ತಿಂಗಳು ಕಳೆಯುವ ಹೊತ್ತಿಗೆ ಬರೀ ಚೀಲ ಉಳಿಯಿತು. ಆಮೇಲೆ ಅದನ್ನೂ ಕಿತ್ತುಕೊಂಡರು. ನೆಟ್ಟಗೆ ಓಡಿದ. ಮೇಷ್ಟ್ರು ಗಡಿಯಾರವನ್ನು ಎರಡು ಸಲ ನೋಡಿದರು. ಗೆಲ್ಲುತ್ತಾನೆ ಎಂದು ಮರಿತಾಯಮ್ಮನಿಗೆ ಆವಾಗ ಅನ್ನಿಸಿತು. ಕಲ್ಲು ಎಲ್ಲಿ ನಿಲ್ಲಬೇಕು ಎಂದು ಹೋಗಿ ಕಾಲಲ್ಲಿ ಗೀರಿ ಬಂದಳು.

ಹದಿನೈದು ಮೈಲಿ ದಾಟಿದ ಮೇಲೆ ಮೈ ಸೋಲುತ್ತದೆ, ಹೊಂಗೆಮರದ ಹತ್ತಿರ ಅಂಬಲಿ ಹಿಡಿದು ನಿಂತಿರು, ಓಡುತ್ತಲೇ ಕುಡಿಯಲಿ, ನಿಲ್ಲಿಸಬೇಡ ಎಂದು ಮೇಷ್ಟ್ರು ಅವಳಿಗೆ ಹೇಳಿದ್ದರು.

ಪಂದ್ಯದ ದಿನ ಭಾನುವಾರ, ಟಪಾಲಿಗೆ ರಜೆ. ಬೆಳಕು ಹರಿಯುತ್ತಲೇ ಮಂಡ್ಯದಲ್ಲಿ ಹನ್ನೊಂದು ಜನ ಹೊರಟರು. ಮರಿತಾಯಮ್ಮ ಅಂಬಲಿಯ ಮಡಕೆ ತಂದು ಮರದ ಬುಡದಲ್ಲಿಟ್ಟಳು. ದಿನಾ ಅವನು ಓಡುವ ಲೆಕ್ಕ ಹಿಡಿದರೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರುವ ಜಾತಿ ಅವಳಲ್ಲ. ಪಂದ್ಯ ಅಂತ ಹಸು ಮೇವು ಬಿಡುತ್ತದೆಯೇ. ಬದುವಿಗಿಳಿದು ಹುಲ್ಲು ಕೊಯ್ದಳು. ಹೊರೆ ಕಟ್ಟಿದಳು. ಬೆಳ್ಳಮ್ಮ ತಲೆಗೆ ಎತ್ತಿಕೊಟ್ಟು ತನ್ನ ಗದ್ದೆಗೆ ಹೋದಳು.

ಅವಳು ಹಿಡಿದ ಲೆಕ್ಕ ಚೀಲ ಹೊತ್ತವನ ಲೆಕ್ಕ. ಇವತ್ತು ಚೀಲ ಇರಲಿಲ್ಲ, ಗೆಜ್ಜೆಯೂ ಇರಲಿಲ್ಲ. ಹೊರೆ ಹೊತ್ತು ರಸ್ತೆಗೆ ಹತ್ತುವಾಗ ಅವನು ಆಗಲೇ ತಿರುವಿನಲ್ಲಿದ್ದ. ಒಬ್ಬನೇ ಇದ್ದ. ಅವನ ಹಿಂದೆ ಒಂದು ಫರ್ಲಾಂಗು ದೂರ ರಸ್ತೆ ಖಾಲಿ. ಮಡಕೆ ಮರದ ಬುಡದಲ್ಲಿ, ಹೊರೆ ಅವಳ ತಲೆಯ ಮೇಲೆ. ಬಗ್ಗುವ ಹಾಗಿಲ್ಲ. ಕೆಡವಬಹುದಿತ್ತು. ಕೆಡವಬೇಕು ಎಂದು ಹೊಳೆಯಲಿಲ್ಲ. ದಿನಾ ಬಾಯಿಗೆ ಬರುವ ಮಾತೇ ಬಂತು.

“ಮಾವ, ಒಸಿ ಇಳ್ಸು.”

ಅಂದ ಮೇಲೆ ತಿಳಿಯಿತು. ಆದರೆ ಬಾಯಿಂದ ಹೋದ ಮಾತು.

ಅವನು ನಿಂತ. ಹದಿನಾಲ್ಕು ವರ್ಷದಲ್ಲಿ ಆ ರಸ್ತೆಯ ಮೇಲೆ ಅವನು ನಿಂತದ್ದು ಅದೇ ಮೊದಲು. ಬಂದು ಎರಡು ಕೈಯಲ್ಲಿ ಹೊರೆ ಹಿಡಿದು ಅವಳ ತಲೆಯಿಂದ ಇಳಿಸಿ ನೆಲದ ಮೇಲೆ ಮೆಲ್ಲಗೆ ಇಟ್ಟ, ತುಂಬಿದ ಮಡಕೆ ಇಳಿಸಿದ ಹಾಗೆ. ಒಂದು ಎಸಳೂ ಉದುರಲಿಲ್ಲ. ಆಮೇಲೆ ಅದರ ಪಕ್ಕದಲ್ಲಿ ಕೂತುಬಿಟ್ಟ.

ಅವಳು ಅಂಬಲಿ ತುಂಬಿ ತಂದಳು. ಕುಡಿಯಲಿಲ್ಲ. ಮಳವಳ್ಳಿಯ ಗರಡಿ ಹುಡುಗ ಸಿದ್ದರಾಮು ದಾಟಿಹೋದ. ಇನ್ನಿಬ್ಬರು ಬಂದರು, ಅವರೂ ದಾಟಿದರು. ಮರಿತಾಯಮ್ಮ ಗಂಡನ ರಟ್ಟೆ ಹಿಡಿದು ಎಳೆದಳು.

“ಎದ್ದೇಳು ಮಾವ. ಕಲ್ಲು ಕೈತಪ್ಪೋಯ್ತದೆ.”

“ಇಳ್ಸುದ್ನಲ್ಲ ಅಮ್ಮಿ” ಎಂದ. “ಇನ್ನೇನು.”

ವೀಳ್ಯ ಜಗಿಯುವಷ್ಟು ಹೊತ್ತು ಕೂತಿದ್ದು ಎದ್ದ. ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟ. ಆಮೇಲೆ ಅಂಬಲಿ ಕುಡಿದು ಮಳವಳ್ಳಿಗೆ ಓಡಿದ. ಹೊರಟ ದಾರಿ ನಡುವೆ ಬಿಡುವುದು ಅವರ ಮನೆತನದಲ್ಲಿ ಇಲ್ಲ. ನಾಲ್ಕನೆಯವನಾಗಿ ಮುಟ್ಟಿದ. ಒಂದು ಟವಲು ಕೊಟ್ಟರು. ಬಟ್ಟಲು ಸಿದ್ದರಾಮುಗೆ ಹೋಯಿತು. ಏನು ಬೇಕು ಎಂದು ಕೇಳಿದ್ದಕ್ಕೆ ಅವನು ಸೈಕಲ್ಲು ಕೇಳಿದನಂತೆ.

ಮೇಷ್ಟ್ರು ಎಂಟು ದಿನ ಮಾತು ಬಿಟ್ಟರು. ಏಕೆ ನಿಂತೆ ಎಂದು ಆಮೇಲೆ ಎಷ್ಟು ಕೇಳಿದರೂ ಅವನು ಹೇಳಲಿಲ್ಲ. ಮರಿತಾಯಮ್ಮನೂ ಹೇಳಲಿಲ್ಲ. ತಪ್ಪು ಅವಳದು. ಅವನು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಮಾರನೆಯ ವರ್ಷ ಟಪಾಲು ಬಸ್ಸಿಗೆ ಹೋಯಿತು. ಕೆಂಪಸಿದ್ದಯ್ಯನಿಗೂ ಚಿಕ್ಕಮಾದುವಿಗೂ ಕೆಲಸ ನಿಂತಿತು. ಚಿಕ್ಕಮಾದು ಬೆಳಕವಾಡಿಯ ನೆಂಟರ ಹತ್ತಿರ ಗೇಯಲು ಹೋದ. ಇವನು ಕೂಲಿಗೆ ಹೋಗುವ ಮುಂಚೆ ಒಂದು ಜಾವ, ಬಂದ ಮೇಲೆ ಒಂದು ಜಾವ ಹೊಂಗೆಮರದ ಕೆಳಗೆ ಹೋಗಿ ಕೂರುವುದಕ್ಕೆ ಶುರುಮಾಡಿದ. ಹುಲ್ಲು, ಸೌದೆ, ರಾಗಿ ತೆನೆ, ಯಾವ ಹೊರೆ ಬಂದರೂ ಎದ್ದು ಇಳಿಸುತ್ತಿದ್ದ. ಹೊತ್ತವರು ಬೆವರೊರೆಸಿಕೊಂಡ ಮೇಲೆ ಮತ್ತೆ ಎತ್ತಿಕೊಡುತ್ತಿದ್ದ. ಮೊದಮೊದಲು ಹೆಂಗಸರು ಸಂಕೋಚ ಪಟ್ಟರು. ಆಮೇಲೆ ರೂಢಿಯಾಯಿತು. ಆ ತಿರುವಿಗೆ ಸಿದ್ದಯ್ಯನ ಕಲ್ಲು ಎಂದೇ ಹೆಸರು ಬಿತ್ತು.

“ಬ್ಯಾರೆ ಕಲ್ಲು ಏನೂ ಕೇಳಕ್ಕಿಲ್ಲ. ಈ ಕಲ್ಲು ಎಲೆ ಅಡಿಕೆ ಕೇಳ್ತದೆ ಕಣಮ್ಮಿ” ಎಂದು ಬೆಳ್ಳಮ್ಮ ಮರಿತಾಯಮ್ಮನಿಗೆ ಹೇಳುತ್ತಿದ್ದಳು. ಅವನಿಗೆ ಅದು ಕೇಳಿಸುತ್ತಿತ್ತು. ಎಲೆಗೆ ಕೈ ಚಾಚುತ್ತಿದ್ದ.

ಮಂಡ್ಯ ಜಿಲ್ಲೆಯಾದ ವರ್ಷ ಕೆಂಪಸಿದ್ದಯ್ಯ ಸತ್ತ. ಜ್ವರ ಬಂತು, ಮೂರು ದಿನ ಇತ್ತು. ಮೂರನೆಯ ಬೆಳಿಗ್ಗೆಯೂ ಮರದ ಹತ್ತಿರ ಹೋಗುತ್ತೇನೆ ಎಂದು ಎದ್ದು ಕೂತಿದ್ದ. ಮರಿತಾಯಮ್ಮ ಮಲಗಿಸಿದಳು.

ಹನ್ನೊಂದರ ಕಾರ್ಯ ಕಳೆಯಿತು. ಮೇಷ್ಟ್ರು ಬಂದು, ಕಂಟ್ರಾಕ್ಟರಿಗೆ ಹೇಳಿ ಒಂದು ಕಲ್ಲು ನಿಲ್ಲಿಸಲೇ ಎಂದು ಕೇಳಿದರು. ನೋಡೋಣ ಎಂದಳು. ಆಮೇಲೆ ಅವರೂ ವರ್ಗವಾಗಿ ಹೋದರು.

ಹಸುವಿಗೆ ಮೇವು ಬೇಕಿತ್ತು. ಬದುವಿಗೆ ಹೋಗಿ ಹುಲ್ಲು ಕೊಯ್ದಳು. ಹೊರೆ ಹೊತ್ತು ತಿರುವಿಗೆ ಬಂದಾಗ ಕಾಲು ತಾನಾಗಿ ನಿಂತಿತು.

“ಮಾವ, ಒಸಿ ಇಳ್ಸು” ಎಂದಳು.

ಮರದ ಕೆಳಗೆ ನೆರಳು ಇತ್ತು. ಸ್ವಲ್ಪ ಹೊತ್ತು ನಿಂತಳು. ಕತ್ತು ಸೋತಿತು, ಹೊರೆ ಕೆಡವಿದಳು. ಕಟ್ಟು ಬಿಚ್ಚಿ ಹುಲ್ಲು ರಸ್ತೆಯ ಮೇಲೆಲ್ಲ ಚೆಲ್ಲಿತು. ಕೂತು ಬಾಚಿ ಮತ್ತೆ ಕಟ್ಟಿದಳು. ಎತ್ತಿಕೊಡಲು ಯಾರಾದರೂ ಬರಲಿ ಎಂದು ರಸ್ತೆ ನೋಡುತ್ತ ಕೂತಳು.