ಕೊನೆಯ ಮನೆಯ ನಳ

ನಮ್ಮ ಓಣಿಯಲ್ಲಿ ನಳ ಬರುತ್ತಿತ್ತು, ನಳ ಹೋಗುತ್ತಿತ್ತು. ನೀರು ಬಂತು ಎಂದು ಯಾರೂ ಅನ್ನುತ್ತಿರಲಿಲ್ಲ. ಕೊಟ್ಟೂರು ಬಸ್ಸು ಬಂತು, ಹರಪನಹಳ್ಳಿ ಬಸ್ಸು ಹೋಯಿತು ಅನ್ನುವಂತೆ ನಳವೂ ತನ್ನ ಮನಸ್ಸಿಗೆ ಬಂದಾಗ ಬಂದು ತನ್ನ ಪಾಡಿಗೆ ಹೋಗುವಂಥದ್ದು. ಎರಡು ಮೂರು ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಒಂದು ತಾಸಿನಷ್ಟು. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲೂ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ನಾವು ಸೋಲುವ ಹಂತಕ್ಕೆ ಬಂದದ್ದು ಇದರಿಂದಲೇ.

ಊರಿನ ಹೆಸರು ಬೇಡ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಊರಿಗೆ ಹೋದರೂ ಆ ಕಾಲದಲ್ಲಿ ಅಂಥ ಓಣಿಯೊಂದು ಸಿಗುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನು ಆ ಓಣಿಯ ನಡುವಿನ ಮನೆಯೊಂದರ ಸೊಸೆ. ಹಗಲು ಪಟ್ಟಣ ಪಂಚಾಯ್ತಿಯ ಆರೋಗ್ಯ ಶಾಖೆಯಲ್ಲಿ ಗುಮಾಸ್ತೆ. ಹೀಗಾಗಿ ಓಣಿಯಲ್ಲಿ ಆಗಿದ್ದನ್ನೂ ಕಚೇರಿಯಲ್ಲಿ ಆಗಿದ್ದನ್ನೂ ಕಣ್ಣಾರೆ ಕಂಡೆ. ಕಾಣದ್ದನ್ನು ಇಲ್ಲಿ ಸೇರಿಸಿಲ್ಲ.

ಓಣಿಗೆ ಪೈಪು ಹಾಕಿದ ಹೊಸದರಲ್ಲಿ ನಳಗಳು ಸೊಂಟದ ಎತ್ತರಕ್ಕೆ ನಿಂತಿದ್ದವಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಒಂದೂ ನಿಂತಿರಲಿಲ್ಲ. ಯಾರೋ ಒಬ್ಬರು ತಮ್ಮ ನಳವನ್ನು ಮೊಳದಷ್ಟು ಕೆಳಗಿಳಿಸಿದ್ದಾರೆ, ಅವರಿಗೆ ನೀರು ಜೋರಾಗಿ ಬಂದಿದೆ. ಪಕ್ಕದ ಮನೆಗೆ ಕಡಿಮೆಯಾಗಿದೆ, ಅವರೂ ಇಳಿಸಿದ್ದಾರೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು ಇಳಿಸುತ್ತ ಇಳಿಸುತ್ತ, ಪ್ರತಿ ಮನೆಯ ಮುಂದೆ ಒಂದು ಗುಂಡಿ, ಗುಂಡಿಯ ತಳದಲ್ಲಿ ಬಾಯಿ ತೆರೆದ ಪೈಪು. ತಿರುಗಿಸುವ ತಲೆಯನ್ನು ಎಲ್ಲರೂ ಬಿಚ್ಚಿ ಎಸೆದಿದ್ದರು. ತಾನಾಗಿ ಹೋಗುವ ನಳಕ್ಕೆ ಅದರಿಂದ ಏನು ಕೆಲಸ. ಒಬ್ಬರು ಗುಂಡಿಯೊಳಗೆ ಕೂತು ತಂಬಿಗೆಯಿಂದ ಕೊಡ ತುಂಬಿಸಿದರೆ ಇನ್ನೊಬ್ಬರು ಮೇಲೆ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ನಮ್ಮ ಓಣಿಯ ಹೆಂಗಸರಲ್ಲಿ ಸೊಂಟನೋವು ಇಲ್ಲದವರೇ ಇರಲಿಲ್ಲ.

ಎಲ್ಲಕ್ಕಿಂತ ಆಳದ ಗುಂಡಿ ಕೊನೆಯ ಮನೆಯದು. ಓಣಿ ಅಲ್ಲಿ ಬಂಡೆಯ ಕಡೆಗೆ ಏರುತ್ತಿತ್ತು, ನೀರು ಏರುತ್ತಿರಲಿಲ್ಲ. ಆ ಮನೆಯಲ್ಲಿ ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದ ಹೆಂಗಸು, ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿಕೊಂಡು, ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅವಳ ಗುಂಡಿಗೆ ಕಲ್ಲಿನ ಮೆಟ್ಟಿಲುಗಳಿದ್ದವು. ಅವಳು ಒಳಗಿಳಿದರೆ ಸೆರಗು ಹೊದ್ದ ತಲೆ ಮಾತ್ರ ಕಾಣುತ್ತಿತ್ತು.

ಮಕ್ಕಳಿಗೆ ಅಲ್ಲಿ ಒಂದು ಆಟ. ನಳ ಹೋಗುವ ಹೊತ್ತಿಗೆ ಪೈಪಿನ ಬಾಯಿಗೆ ಅಂಗೈ ಒತ್ತಿದರೆ ಅದು ಅಂಗೈಯನ್ನು ಒಳಗೆ ಜಗ್ಗುತ್ತಿತ್ತು. ನಳ ಮುತ್ತು ಕೊಡತೈತಿ ಎಂದು ಮಕ್ಕಳು ನಗುತ್ತಿದ್ದರು. ದೊಡ್ಡವ್ವನ ಮನೆಯ ನಳ ಎಲ್ಲಕ್ಕಿಂತ ಜೋರಾಗಿ ಜಗ್ಗುತ್ತಿತ್ತು. ಮೊಮ್ಮಗಳಿಗೆ ಅದೇ ಹೆಮ್ಮೆ.

ಆ ವರ್ಷದ ಮೊದಲ ಮಳೆಗಳು ಬಿದ್ದ ಮೇಲೆ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಮೇಲಿನ ಕೊನೆಯಲ್ಲಿ, ಆಮೇಲೆ ಕೆಳಗೆ. ಒಂದು ಮಧ್ಯಾಹ್ನ ದೊಡ್ಡವ್ವ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಮುಂದೆ ನಿಂತಳು. ಹುಡುಗಿಯ ಕಣ್ಣುಗಳು ಒಳಗಿಳಿದಿದ್ದವು. ಆಟೋದಲ್ಲಿ ನಾನು ಅವಳ ಕಾಲುಗಳನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಷ್ಟು ಬಿಸಿಲಲ್ಲಿ ಪಾದಗಳು ತಣ್ಣಗಿದ್ದವು. ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಹುಡುಗಿಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಚರ್ಮ ಕೂಡಲೇ ಇಳಿಯಲಿಲ್ಲ. ಹಿಡಿದ ಹಾಗೆಯೇ ಮಡಿಕೆಯಾಗಿ ನಿಂತು, ನಿಧಾನಕ್ಕೆ ಇಳಿಯಿತು. ಇಷ್ಟು ವರ್ಷಗಳ ಮೇಲೂ ರೊಟ್ಟಿಯ ಹಿಟ್ಟು ನಾದುವಾಗ ಬೆರಳ ಗುರುತು ಹಾಗೇ ನಿಂತರೆ ನನ್ನ ಕೈ ತಡೆಯುತ್ತದೆ.

ಅವಳನ್ನು ದಾವಣಗೆರೆಗೆ ಕಳಿಸಿದರು. ದೊಡ್ಡವ್ವ ಜೊತೆಗೆ ಹೋದಳು.

ಮರುದಿನ ನಮ್ಮ ಕಚೇರಿಯವರೆಲ್ಲ ಓಣಿಗೆ ಬಂದರು. ನೀರಿನಲ್ಲಿ ಬ್ಲೀಚಿಂಗ್ ಔಷಧಿ ಇದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಒಂದು ಸಣ್ಣ ಗಾಜಿನ ಕೊಳವೆ ಇತ್ತು. ನೀರು ಹಿಡಿದು, ಜೊತೆಗಿನ ಬಾಟಲಿಯ ದ್ರಾವಣದ ಹನಿ ಬಿಟ್ಟರೆ ಹಳದಿಯಾಗಬೇಕು. ಟ್ಯಾಂಕಿನ ನೀರು ಹಳದಿಯಾಯಿತು. ಓಣಿಯ ಮೊದಲ ಮನೆಯಲ್ಲೂ ಆಯಿತು. ನಮ್ಮ ಮನೆಯಲ್ಲಿ ಆಯಿತೋ ಇಲ್ಲವೋ ಎಂಬಷ್ಟು. ಕೊನೆಯ ಮನೆಯ ನೀರು ಹನಿಯ ಮೇಲೆ ಹನಿ ಬಿಟ್ಟರೂ ಬೆಳ್ಳಗೇ ಉಳಿಯಿತು. ನೀರು ಬಿಡುವ ಅಣ್ಣ, ಅಂದರೆ ನಮ್ಮ ವಾಲ್ವ್‌ಮನ್, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ತಾನೇ ಕಲಸಿದ್ದೇನೆ ಎಂದು ಮಕ್ಕಳ ಮೇಲೆ ಆಣೆಯಿಟ್ಟ. ಅವನ ಮಾತು ಸುಳ್ಳಾಗಿರಲಿಲ್ಲ.

ಆ ವರ್ಷವೇ ಕೆಲಸಕ್ಕೆ ಸೇರಿದ್ದ ಇಂಜಿನಿಯರು ಆ ಹೊತ್ತಿಗೆ ಗುಂಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನಳ ಹೋಗುತ್ತಿತ್ತು. ಗುಂಡಿಯಲ್ಲಿ ಗಟಾರದಿಂದ ಬಸಿದು ಬಂದ ಮಳೆನೀರು ನಿಂತಿತ್ತು, ಪೈಪಿನ ಬಾಯಿ ಅದರಲ್ಲಿ ಮುಳುಗಿತ್ತು. ನೀರಿನ ಮೇಲೆ ತೇಲುತ್ತಿದ್ದ ಬೇವಿನ ಎಲೆಯೊಂದು ಸುತ್ತಿ ಸುತ್ತಿ ಪೈಪಿನ ಕಡೆಗೆ ಹೋಗಿ ಕಾಣದಾಯಿತು. ಇಂಜಿನಿಯರು ಅಂಗೈಯನ್ನು ಅದ್ದಿ ಪೈಪಿಗೆ ಒತ್ತಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಕೈ ತೆಗೆದು ನನಗೆ ತೋರಿಸಿದರು. ಅಂಗೈಯಲ್ಲಿ ದುಂಡಗೆ ಕೆಂಪು ಗುರುತು. ನಾನು ಮಕ್ಕಳ ಆಟವನ್ನು ಹೇಳಿದೆ. ಅವರು ತಲೆಯಾಡಿಸಿದರು. ನಳ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಗುಂಡಿಯ ನೀರನ್ನು ಕುಡಿದು ಹೋಗಿ, ಮುಂದಿನ ಸಲ ಅದನ್ನೇ ಎಲ್ಲರ ಕೊಡಕ್ಕೆ ತರುತ್ತಿತ್ತು.

ಮಾಡಬೇಕಾದ ಕೆಲಸ ಹೇಳಲು ಸುಲಭ: ಗುಂಡಿ ಮುಚ್ಚಬೇಕು, ನಳ ಎಬ್ಬಿಸಬೇಕು. ಆದರೆ ಒಬ್ಬರು ಎಬ್ಬಿಸಿದರೆ ಅವರ ಮನೆಗೆ ನೀರಿಲ್ಲ, ಪಕ್ಕದ ಗುಂಡಿಗೆ ಎಲ್ಲ ಇಳಿಯುತ್ತದೆ. ಎಬ್ಬಿಸಿದರೆ ಇಡೀ ಓಣಿ ಒಂದೇ ದಿನ ಎಬ್ಬಿಸಬೇಕು. ಒಂದು ಗುಂಡಿ ಉಳಿದರೂ ಅದರ ಹೊಲಸು ಎಲ್ಲರಿಗೂ ಹಂಚಿಕೆಯಾಗುತ್ತದೆ. ಇದನ್ನು ಮನೆ ಮನೆಗೆ ಹೋಗಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಬೈಸಿಕೊಂಡೆ. ಪಂಚಾಯ್ತಿ ಪಗಾರ ತಿಂದು ಪಂಚಾಯ್ತಿ ಮಾತು ಆಡುತ್ತಾಳೆ ಅಂದರು. ಆದರೂ ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ಮಲಗಿ ಎದ್ದಿದ್ದರು, ಕಡೆಗೆ ಒಪ್ಪಿದರು.

ಒಪ್ಪದವಳು ದೊಡ್ಡವ್ವ ಒಬ್ಬಳೇ. ದಾವಣಗೆರೆಯಿಂದ ಮೊಮ್ಮಗಳು ಬದುಕಿ ಬಂದಿದ್ದಳು, ಅಜ್ಜಿಯ ಸೊಂಟ ಹಿಡಿದುಕೊಂಡು ನಡೆಯುವಷ್ಟು. ನಾನೂ ಇಂಜಿನಿಯರೂ ಹೋದಾಗ ದೊಡ್ಡವ್ವ ಒಲೆಯ ಮುಂದೆ ಇದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು:

“ನಿಮ್ಮೆಲ್ಲರ ನಳ ಮ್ಯಾಗ ಎದ್ರೂ ನೀರು ಬರತೈತ್ರಿ. ನಂದು ಏರು ಮ್ಯಾಲಿನ ಮನಿ. ನೀರು ಬರಲಿಲ್ಲ ಅಂದ್ರ ನಾ ಹಿಟ್ಟು ಯಾತರಾಗ ಕಲಸಲಿ, ನಿಮ್ಮ ಮಾತಿನಾಗೇನು?”

ಬರುತ್ತದೆ, ಲೆಕ್ಕ ಹಾಕಿದ್ದೇನೆ ಎಂದು ಇಂಜಿನಿಯರು ಹೇಳಿದರು. ಲೆಕ್ಕ ನೀವು ಹಾಕೀರಿ, ನಳ ಹಾಕಿಲ್ಲ ಅಂದಳು. ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ಇಬ್ಬರ ಹೊಟ್ಟೆ ಆ ಹಿಟ್ಟಿನ ಮೇಲೆ ನಿಂತಿತ್ತು.

ನಾವು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗಲೇ ಕೆಳಗಿನಿಂದ ಕೂಗು ಬಂತು, ನಳ ಹೋತ್ರೆವ್ವೋ ಎಂದು. ಮೊಮ್ಮಗಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲಿಳಿದಳು. ಗುಂಡಿಯಲ್ಲಿ ಕೂತು ಅಂಗೈ ಚಾಚಿದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ಹುಡುಗಿಯ ಅಂಗೈಯನ್ನು ತಿರುಗಿಸಿ ನೋಡಿದಳು, ತನ್ನ ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ನಮ್ಮ ಕಡೆ ತಿರುಗಲಿಲ್ಲ. ಮನೆಯ ಪಕ್ಕ ಗೋಡೆಗೆಂದು ರಾಶಿ ಹಾಕಿದ್ದ ಗರಸುಮಣ್ಣಿನಿಂದ ಒಂದು ಬುಟ್ಟಿ ತುಂಬಿ ತಂದು ಗುಂಡಿಗೆ ಸುರಿದಳು.

“ನಾಳೆನೇ ಮಾಡ್ರಿ,” ಅಂದಳು. “ತಡಾ ಮಾಡಿದ್ರ ಮತ್ತ ಮನಸು ಬದಲಾದೀತು.”

ನಾಳೆ ಆಗಲಿಲ್ಲ, ಸಾಮಾನು ಬರಬೇಕಿತ್ತು. ಬಂದ ಮೇಲೆ ಒಂದೇ ಹಗಲಿನಲ್ಲಿ ಆಯಿತು. ಪಂಚಾಯ್ತಿಯ ಪೌರಕಾರ್ಮಿಕರು, ಪ್ಲಂಬರು, ಓಣಿಯ ಗಂಡಸರು ಹೆಂಗಸರು, ಎಲ್ಲರೂ ಬುಟ್ಟಿ ಹಿಡಿದರು. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಮುಂದೆ ಹಸಿಮಣ್ಣಿನ ಒಂದು ದುಂಡು ಗುರುತು, ಅದರ ನಡುವೆ ಎದ್ದುನಿಂತ ಪೈಪು, ಪೈಪಿಗೆ ಹೊಳೆಯುವ ಹಿತ್ತಾಳೆಯ ಹೊಸ ನಳ. ಕೆಲವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು.

ಮರುದಿನ ಬೆಳಗ್ಗೆ ನೀರು ಬಿಟ್ಟರು. ನಾನು ದೊಡ್ಡವ್ವನ ಮನೆಯ ಮುಂದೆ ನಿಂತಿದ್ದೆ. ನಳ ಬಂತ್ರೆವ್ವೋ ಎಂಬ ಕೂಗು ಮೊದಲ ಮನೆಯಿಂದ ಎದ್ದು, ಮನೆಯಿಂದ ಮನೆಗೆ ದಾಟಿ ಹತ್ತಿರ ಬರುತ್ತಾ ಬಂತು. ದೊಡ್ಡವ್ವನ ಪಕ್ಕದ ಮನೆಯವರೆಗೂ ಬಂದು ಅಲ್ಲಿ ನಿಂತಿತು. ಅವರ ನಳದಲ್ಲಿ ನೂಲಿನಂಥ ಧಾರೆ. ದೊಡ್ಡವ್ವನ ನಳದಲ್ಲಿ ಏನೂ ಇಲ್ಲ.

ಕಾದೆವು. ನೀರು ಬಿಡುವ ಅಣ್ಣ ವಾಲ್ವನ್ನು ಇನ್ನೂ ತಿರುವಿ ಬಂದ. ಪೂರ್ತಿ ತೆಗೆದಿದ್ದೇನೆ, ಇನ್ನು ತಿರುಗುವುದಿಲ್ಲ ಅಂದ. ಇಂಜಿನಿಯರು ನಳದ ಕೆಳಗೆ ಬಗ್ಗಿ ನೋಡಿದರು, ಪೈಪಿಗೆ ಕಿವಿಗೊಟ್ಟರು. ಅವರ ಕುತ್ತಿಗೆಯ ಮೇಲೆ ಬೆವರು ಕಂಡಿತು. ಯಾರೋ ಹಾರೆ ತಂದು ಗೋಡೆಗೆ ಒರಗಿಸಿ ನಿಲ್ಲಿಸಿದರು. ಮಣ್ಣು ಇನ್ನೂ ಹಸಿ ಐತಿ, ತಗಿಯೋದು ಸುಲಭ ಎಂದು ಒಬ್ಬರು ಅಂದರು. ಒಂದು ಗುಂಡಿ ತೆಗೆದರೆ ಸಂಜೆಗೆ ಎಲ್ಲ ಗುಂಡಿಗಳೂ ತೆರೆಯುತ್ತವೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಕಟ್ಟೆಯ ಮೇಲೆ ಕೂತೆ.

ದೊಡ್ಡವ್ವ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಇಳಿಜಾರಿನಲ್ಲಿ ಕೆಳಗೆ ನಡೆದಳು, ಯಾರ ಮನೆಯಲ್ಲಾದರೂ ಒಂದು ಕೊಡ ಹಿಡಿದುಕೊಳ್ಳಲು. ನಾನು ಎದ್ದು ಹಿಂದೆ ಹೋದೆ. ಓಣಿಯ ನಡುವೆ ಅವಳು ನಿಂತಳು.

ಒಂದು ಮನೆಯ ಮುಂದೆ ತುಂಬಿದ ಕೊಡಗಳು, ಬಕೀಟು, ಹಂಡೆ ಸಾಲಾಗಿದ್ದವು. ಕೊನೆಯ ಕೊಡ ನಳದ ಕೆಳಗೆ ತುಂಬಿ ಉಕ್ಕಿ, ನೀರು ಗಟಾರಕ್ಕೆ ಹೋಗುತ್ತಿತ್ತು. ಮನೆಯಾಕೆ ಒಳಗೆ ಅಡುಗೆಗೆ ಹೋಗಿದ್ದಳು. ಅದರ ಪಕ್ಕದ ಮನೆಯಲ್ಲೂ ಹಾಗೇ. ಅದರಾಚೆಯೂ ಹಾಗೇ. ಓಣಿಯ ಉದ್ದಕ್ಕೂ ಹೊಸ ನಳಗಳು ಹೊಳೆಯುತ್ತ, ಒಂದೇ ಸಮನೆ ಸುರಿಯುತ್ತಿದ್ದವು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನಳ ತಾನಾಗಿ ಹೋಗುವವರೆಗೆ ಬರುತ್ತದೆ, ಅದಕ್ಕೆ ಯಾರೇನು ಮಾಡಬೇಕು.

ದೊಡ್ಡವ್ವ ಕೊಡ ಇಳಿಸಿ, ಉಕ್ಕುತ್ತಿದ್ದ ನಳದ ಬಾಯಿಗೆ ಅಂಗೈ ಒತ್ತಿದಳು. ನೀರು ಬೆರಳ ಸಂದಿಯಿಂದ ಚಿಮ್ಮಿ ಅವಳ ಮುಖ, ಸೀರೆ, ಹಿಂದೆ ನಿಂತಿದ್ದ ನನ್ನನ್ನೂ ತೋಯಿಸಿತು. ಹಿಂದೆಯೇ ಬಂದಿದ್ದ ನೀರು ಬಿಡುವ ಅಣ್ಣನಿಗೆ ಅಷ್ಟು ಹೆದರಿಕೆಯಲ್ಲೂ ನಗು ತಡೆಯಲಾಗಲಿಲ್ಲ.

“ದೊಡ್ಡವ್ವ, ಅದರ ಬಾಯಿ ಮುಚ್ಚಬ್ಯಾಡ, ಕಿವಿ ಹಿಂಡು,” ಎಂದು ನಳದ ತಲೆ ತಿರುಗಿಸಿದ. ಧಾರೆ ನಿಂತಿತು.

ಒಳಗಿನಿಂದ ಮನೆಯಾಕೆ ಓಡಿಬಂದಳು. ನಿಂತ ನಳವನ್ನೂ ಅವನನ್ನೂ ನೋಡಿ ಮುಖ ಸಪ್ಪಗೆ ಮಾಡಿಕೊಂಡು ಕೇಳಿದಳು: “ಬಂದ್ ಮಾಡಿದ್ಯೇನಣ್ಣ? ಬಂದ್ ಮಾಡಿದ್ರ ಮತ್ತ ಬರತೈತೇನು?”

ಯಾರೂ ನಗಲಿಲ್ಲ. ಅದು ಓಣಿಯವರೆಲ್ಲರ ಪ್ರಶ್ನೆ. ಅವನು ನಳವನ್ನು ಹಿಂದಕ್ಕೆ ತಿರುಗಿಸಿದ, ನೀರು ಬಂತು. ಮುಂದಕ್ಕೆ ತಿರುಗಿಸಿದ, ನಿಂತಿತು. ಆಕೆ ತಾನೇ ಒಂದು ಸಲ ಮಾಡಿ ನೋಡಿದಳು. ಆಮೇಲೆ ಪಕ್ಕದ ಮನೆಯ ಕಡೆ ತಿರುಗಿ, ಬಂದ್ ಮಾಡ್ರೆವ್ವೋ, ಬಂದ್ ಮಾಡಿದ್ರೂ ಬರತೈತಿ ಎಂದು ಕೂಗಿದಳು.

ಆ ಕೂಗು ಓಣಿಯ ಎರಡೂ ದಿಕ್ಕಿಗೆ ಹೋಯಿತು. ನಳ ಬಂತು, ನಳ ಹೋತು ಎಂಬ ಎರಡೇ ಕೂಗು ಗೊತ್ತಿದ್ದ ಓಣಿಯಲ್ಲಿ ಮೂರನೆಯದೊಂದು ಹುಟ್ಟಿ, ಬಾಗಿಲಿಂದ ಬಾಗಿಲಿಗೆ ದಾಟಿತು. ಒಂದೊಂದೇ ಧಾರೆ ನಿಂತಿತು. ಗಟಾರದ ಸದ್ದು ಕಡಿಮೆಯಾಗುತ್ತ ಬಂದು ಇಲ್ಲವಾಯಿತು. ಆ ನಿಶ್ಶಬ್ದದಲ್ಲಿ ನಾವು ಏರು ಹತ್ತಿದೆವು. ದೊಡ್ಡವ್ವ ಮುಂದೆ, ನಾನು ಹಿಂದೆ.

ಅವಳ ನಳ ಮೊದಲು ಸುಯ್ ಎಂದು ಗಾಳಿ ಬಿಟ್ಟಿತು. ಕೆಮ್ಮಿತು. ತುಕ್ಕಿನ ಬಣ್ಣದ ನೀರು ಎರಡು ಸಲ ಉಗುಳಿ ಸುಮ್ಮನಾಯಿತು. ಆಮೇಲೆ ಬಂತು. ನೂಲಿನಂತಲ್ಲ, ಹೆಬ್ಬೆರಳ ದಪ್ಪಕ್ಕೆ ಬಂತು. ಹಾರೆ ತಂದವನು ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಮನೆಗೆ ಹೋದ. ಇಂಜಿನಿಯರು ಕುತ್ತಿಗೆಯ ಬೆವರು ಒರೆಸಿಕೊಂಡು ಬಂಡೆಯ ಕಡೆ ಮುಖ ಮಾಡಿ ನಿಂತರು. ಅವರ ಮುಖ ನಮಗೆ ಕಾಣಲಿಲ್ಲ.

ನೀರು ತಿಳಿಯಾಗುವವರೆಗೆ ಕಾದು ನಾನು ಗಾಜಿನ ಕೊಳವೆ ಹಿಡಿದೆ. ಮೊದಲ ಹನಿ ನೆಲಕ್ಕೆ ಬಿತ್ತು. ಎರಡನೆಯದು ಒಳಗೆ ಬಿತ್ತು. ನೀರು ಹಳದಿಯಾಯಿತು. ಮೊಮ್ಮಗಳಿಗೆ ತೋರಿಸಿದೆ. ಅರಿಶಿನ ಹಾಕೀಯೇನು ಎಂದು ಕೇಳಿದಳು.

ದೊಡ್ಡವ್ವ ಕೊಡವನ್ನು ನಳದ ಕೆಳಗಿಟ್ಟಳು. ತುಂಬುವವರೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ನಿಂತಿದ್ದಳು. ಅವಳು ಅಷ್ಟು ಎತ್ತರದ ಹೆಂಗಸು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊಡ ಕಂಠಕ್ಕೆ ಬಂದಾಗ ನಳದ ಕಿವಿ ಹಿಂಡಿದಳು. ನೀರು ನಿಂತಿತು. ಇನ್ನೊಂದು ಸಲ ತಿರುಗಿಸಿದಳು, ಬಂತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿಟ್ಟಳು, ಮತ್ತೆ ನಿಲ್ಲಿಸಿದಳು. ಆಮೇಲೆ ಅವಳು ಮೊಮ್ಮಗಳ ಕೈ ಹಿಡಿದು ನಳದ ತಲೆಯ ಮೇಲೆ ಇಟ್ಟಳು.

“ನೋಡಬೇ,” ಅಂದಳು, “ಇನ್ನ ಮ್ಯಾಲೆ ಇದು ನಾವು ಕರದ್ರ ಬರತೈತಿ.”