ಸಾಹೇಬರ ನಾಲ್ಕು ಕ್ಲ್ಯಾಂಪು

ಪೈಪಿನೊಳಗಿನ ನೀರು ಎಷ್ಟು ಅದುರುತ್ತದೆಂದು ಲೆಕ್ಕ ಹಾಕುವುದೇ ಪಂಪ್‌ಹೌಸಿನಲ್ಲಿ ನನ್ನ ಚಿಕ್ಕಮ್ಮನ ಕೆಲಸ. ಒಂದೇ ಜಾಗದ ಬೆಸುಗೆ ಮೂರು ಸಲ ಬಿರುಕು ಬಿಟ್ಟಾಗ ಅಲ್ಲಿನ ಸಾಹೇಬರು ವೆಲ್ಡರನ್ನು ಬೈದು, ಪೈಪು ಅಲುಗದಂತೆ ಹಿಡಿಯಲು ಇನ್ನೂ ನಾಲ್ಕು ಕ್ಲ್ಯಾಂಪು ಬಿಗಿಸಿದರು.

“ತಪ್ಪು ಬೆಸುಗೇದಲ್ಲ ಸಾರ್. ಬಾಯಿ ಮುಚ್ಚಿರೋ ಆ ಕವಲು ಪೈಪು ಉದ್ದ ಇರೋದಕ್ಕೇ ನೀರು ಪಂಪಿನ ಬಡಿತಕ್ಕೆ ತಾಳ ಹಾಕಿ ಪೈಪನ್ನ ಅದುರಿಸ್ತಿದೆ. ಅದನ್ನ ಒಂದು ಮೊಳ ಕತ್ತರಿಸಿ,” ಎಂದಳು ಚಿಕ್ಕಮ್ಮ.

“ನಿಮ್ಮ ಕಾಗದದ ಲೆಕ್ಕ ಕಬ್ಬಿಣಕ್ಕೆ ಅರ್ಥ ಆಗುತ್ತಾ ಮೇಡಂ?” ಸಾಹೇಬರು ನಕ್ಕರು.

ನಾಲ್ಕನೇ ಸಲವೂ ಬಿರುಕು ಬಿಟ್ಟಿತು. ಸಾಹೇಬರು ವೆಲ್ಡರನ್ನೇ ಕೆಲಸದಿಂದ ಕಿತ್ತುಹಾಕಿದರು. ಹೋಗುವ ಮುನ್ನ ಅವನು ಬೆಸುಗೆ ಹಾಕಿ, ಚಿಕ್ಕಮ್ಮ ಹೇಳಿದಂತೆ ಕವಲನ್ನೂ ಒಂದು ಮೊಳ ಕತ್ತರಿಸಿ ಮತ್ತೆ ಬಾಯಿ ಮುಚ್ಚಿದ. ಪೈಪಿನ ಅದುರಾಟ ನಿಂತೇಹೋಯಿತು.

ಮರುವಾರ ಸಾಹೇಬರು ನಾಚಿಕೆಯಿಲ್ಲದೆ ಮೇಲಧಿಕಾರಿಗಳ ಮುಂದೆ, “ನನ್ನ ಕ್ಲ್ಯಾಂಪಿನ ಮಹಿಮೆ ನೋಡಿ,” ಎಂದು ಕೊಚ್ಚಿಕೊಂಡರು. ಚಿಕ್ಕಮ್ಮನ ಪಿತ್ತ ನೆತ್ತಿಗೇರಿತು. ಸ್ಪ್ಯಾನರ್ ಹಿಡಿದು ನಾಲ್ಕನ್ನೂ ಬಿಚ್ಚಿ ಅವರ ಕಾಲ ಬಳಿ ಹಾಕಿದಳು. ಪಂಪು ಓಡುತ್ತಿದ್ದರೂ ಪೈಪು ಅಲುಗಲಿಲ್ಲ.

“ಈಗ ಆ ವೆಲ್ಡರನ್ನ ವಾಪಸ್ ಕರೆಸಿ,” ಎಂದಳು.