ಬೆನ್ನ ಹಿಂದಿನ ಗೋಡೆ

ಬಸ್ಸಿಗೆ ಕಾಯುವಾಗ ನಾನು ಈಗ ಬಸ್ಸು ಬರುವ ದಿಕ್ಕನ್ನು ನೋಡುವುದಿಲ್ಲ. ಕೇಳಿದವರು ನಗುತ್ತಾರೆ. ಏಕೆಂದರೆ ಜನ ಹೇಗೆ ಕಾಯಬೇಕು, ಎಲ್ಲಿ ಕೂರಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ಗೆರೆ ಎಳೆಯುವುದರಲ್ಲೇ ನನ್ನ ಮೂವತ್ತು ವರ್ಷ ಕಳೆದಿದೆ.

ಚೆನ್ನೈಯಲ್ಲಿ ನಕ್ಷೆ ಬರೆಯುವ ಕಚೇರಿಯೊಂದರಲ್ಲಿದ್ದೆ. ನಗರದೊಳಗೆ ಓಡುವ ರೈಲಿನ ನಿಲ್ದಾಣಗಳನ್ನು ಹೊಸದಾಗಿ ರೂಪಿಸುವ ಕೆಲಸ. ದೊಡ್ಡವರು ದೊಡ್ಡ ಗೆರೆ ಎಳೆಯುತ್ತಿದ್ದರು. ಬೆಂಚು, ಮೆಟ್ಟಿಲು, ಕಂಬ ನನ್ನ ಪಾಲಿಗೆ ಬರುತ್ತಿದ್ದವು. ಬೆಂಚೆಂದರೆ ಸುಲಭ ಅಂದುಕೊಳ್ಳಬೇಡಿ. ತೀರಾ ಸುಖವಾಗಿದ್ದರೆ ಜನ ಮಲಗಿಬಿಡುತ್ತಾರೆ, ತೀರಾ ಕಷ್ಟವಾಗಿದ್ದರೆ ಮುದುಕರು ಶಾಪ ಹಾಕುತ್ತಾರೆ. ಇವೆರಡರ ನಡುವಿನ ಒಂದು ಓರೆಯನ್ನು ಹುಡುಕುವುದಕ್ಕೆ ನಾನು ಎಷ್ಟೋ ಪೆನ್ಸಿಲು ಸವೆಸಿದ್ದೇನೆ. ಕಣ್ಣು ಕಾಣದವರ ಕಾಲಿಗೆ ತಿಳಿಯಲೆಂದು ಹಳಿಯಂಚಿಗೆ ಹಾಸುವ ಗುಬಟು ಗುಬಟಾದ ಹಳದಿ ಕಲ್ಲುಗಳನ್ನು ನೋಡಿರುತ್ತೀರಿ; ಅವುಗಳ ಸಾಲನ್ನೂ ಬರೆದಿದ್ದೇನೆ. ನಮ್ಮ ಹಿರಿಯ ಇಂಜಿನಿಯರು ದಿನಾ ಒಂದೇ ಮಾತು ಹೇಳುತ್ತಿದ್ದರು: ಕಾಯುತ್ತ ನಿಂತವನಿಗೆ ಹತ್ತಿರ ಬರುವವನು ಕಾಣಬೇಕು, ಮರೆ ಇದ್ದಲ್ಲಿ ಭಯ ಇರುತ್ತದೆ. ಅದಕ್ಕೇ ಗೋಡೆ ತೆಗೆದು ಗಾಜು ಹಾಕಿದೆವು, ದಪ್ಪ ಕಂಬಗಳನ್ನು ಸಣ್ಣ ಮಾಡಿದೆವು. ಇಷ್ಟೆಲ್ಲ ತಿಳಿದ ನಾನು ನಿವೃತ್ತನಾಗಿ ಸ್ವಂತ ಊರಿಗೆ ಬಂದು ಮಾಡಿದ ಘನಕಾರ್ಯ ಇಲ್ಲಿದೆ.

ಸತ್ಯಮಂಗಲದಿಂದ ಹತ್ತಿ ದಿಂಬಂನಲ್ಲಿ ಘಾಟಿ ಮುಗಿದು, ಚಹಾ ಕುಡಿದು, ಇನ್ನೂ ಒಂದಷ್ಟು ದೂರ ಕಾಡಿನಲ್ಲಿ ಬಂದರೆ ಪಣಕಹಳ್ಳಿಯ ಆಸುಪಾಸಿನಲ್ಲಿ ನಮ್ಮ ಊರು; ಸೇರಿದ್ದು ತಮಿಳುನಾಡಿಗೆ, ಆಡುವುದು ಕನ್ನಡ. ಬಸ್ಸು ನಿಲ್ಲುವುದು ಊರಿನ ಹೊರಗಿನ ತಿರುವಿನಲ್ಲಿ. ಮುಂದೆ ರಸ್ತೆ, ರಸ್ತೆಯಾಚೆ ರಾಗಿ ಹೊಲ. ಹಿಂದೆ ಲಂಟಾನದ ಪೊದೆ, ಪೊದೆಯಾಚೆ ಕಾಡು. ಅಲ್ಲೊಂದು ಹೊರೆಗಲ್ಲು. ಹಿಂದಿನ ಕಾಲದಲ್ಲಿ ತಲೆಹೊರೆ ಹೊತ್ತು ನಡೆಯುವವರು ಯಾರ ಕೈಯೂ ಬೇಡದೆ ಹೊರೆ ಇಳಿಸಲೆಂದು ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಇಡುತ್ತಿದ್ದರಲ್ಲ, ಅದು. ನಮ್ಮೂರಿನದು ಅರ್ಧ ಹೂತುಹೋಗಿ, ಚಪ್ಪಡಿ ಮಂಡಿಯ ಎತ್ತರಕ್ಕೆ ಇಳಿದಿದೆ. ಹೊರೆಗೆ ಪ್ರಯೋಜನವಿಲ್ಲ, ಕೂರಲು ಹೇಳಿ ಮಾಡಿಸಿದಂತಿದೆ.

ಅಕ್ಕನನ್ನು ಕೊಟ್ಟಿದ್ದೂ ಇದೇ ಊರಿಗೆ. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಬೆಳಗಿನ ಮೊದಲ ಬಸ್ಸಿಗೆ ಹುರುಳಿಕಾಯಿ ಚೀಲ ಹೊತ್ತು ದಿನಾ ತಾಳವಾಡಿ ಪೇಟೆಗೆ ಹೋಗುತ್ತಾಳೆ. ಅದೇ ಬಸ್ಸಿಗೆ ಕೂಲಿ ಕೆಲಸದ ಮಾದಮ್ಮ ಬರುತ್ತಾಳೆ. ಊರಿಗೆ ಬಂದ ಹೊಸದರಲ್ಲಿ ಒಂದು ದಿನ ಅಕ್ಕನ ಚೀಲ ಹಿಡಿದು ಹೋದೆ. ನೋಡಿದರೆ ಇಬ್ಬರೂ ಆ ಹೊರೆಗಲ್ಲಿನ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತರು. ಅಕ್ಕನ ಮುಖ ರಸ್ತೆಗೆ, ಮಾದಮ್ಮನ ಮುಖ ಕಾಡಿಗೆ. ಮಾತೂ ಇಲ್ಲ ಕತೆಯೂ ಇಲ್ಲ.

ನನಗೆ ಒಳಗೆ ಚುರುಕ್ಕೆಂದಿತು. ನಮ್ಮದು ಲಿಂಗ ಕಟ್ಟಿದ ಒಕ್ಕಲು ಮನೆ, ಮಾದಮ್ಮನದು ಕೂಲಿ ಮನೆ. ಮಾದಮ್ಮನ ಮನೆಯಲ್ಲಿ ಅಕ್ಕ ಇಂದಿಗೂ ನೀರು ಕುಡಿದವಳಲ್ಲ. ಬಸ್ಸಿನ ಕಲ್ಲಿನ ಮೇಲೂ ಮುಖ ತಿರುಗಿಸಿ ಕೂರುತ್ತಾರಲ್ಲ ಎಂದು ಬೇಸರವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು; ಇದನ್ನು ಕಂಡುಹಿಡಿಯಲು ನನ್ನಂಥ ಓದಿದವನೇ ಬರಬೇಕಾಯಿತು ನೋಡಿ! ಅಷ್ಟರಲ್ಲಿ ಊರಿನವರು ಸೇರಿ ಬಸ್ಸಿಗೆ ಕಾಯಲು ಒಂದು ಸೂರು ಕಟ್ಟೋಣ ಎಂದು ಹೊರಟರು, ನಕ್ಷೆಗೆ ನನ್ನನ್ನೇ ಕೇಳಿದರು. ತಮಿಳಿನಲ್ಲಿ ಇಂಥ ಸೂರಿಗೆ ನಿಳರ್‌ಕುಡೈ, ನೆರಳಿನ ಕೊಡೆ ಅನ್ನುತ್ತಾರೆ. ಕೊಡೆ ಅಂದರೆ ಸುತ್ತಲೂ ತೆರೆದದ್ದು ಅನ್ನುವುದನ್ನು ಆ ಮಾತೇ ಹೇಳುತ್ತದೆ. ನಾನು ಕೇಳಿಸಿಕೊಳ್ಳಲಿಲ್ಲ. ಗಾಳಿ ಕೊರೆಯದಿರಲೆಂದು ಮೂರು ಕಡೆ ಗೋಡೆ, ಉಸಿರಾಡಲು ಗೋಡೆಗೂ ಸೂರಿಗೂ ನಡುವೆ ಮೊಳದಷ್ಟು ಸಂದು, ಎಲ್ಲರೂ ಒಂದೇ ಕಡೆ ಮುಖ ಮಾಡಿ ಪಕ್ಕಪಕ್ಕ ಕೂರುವಂತೆ ಉದ್ದನೆಯ ಬೆಂಚು ಬರೆದುಕೊಟ್ಟೆ. ಬೆಂಚಿನ ಓರೆಯಂತೂ ಚೆನ್ನೈಯಲ್ಲೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಸೂರು ಎದ್ದಿತು. ಅಕ್ಕ ಗೊಣಗುತ್ತ ಒಳಗೆ ಕೂತಳು, ತಮ್ಮ ಬರೆದದ್ದಲ್ಲವೇ. ಮಾದಮ್ಮ ಮಾತ್ರ ಹೊರಗೆ ಗೋಡೆಯ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಕರೆದರೆ "ಪರ್ವಾಗಿಲ್ಲ ಬುಡಣ್ಣ, ಇಲ್ಲೇ ಸರಿ" ಅನ್ನುತ್ತಿದ್ದಳು. ಹಳೆಯ ಸಂಕೋಚ ಎಂದುಕೊಂಡೆ. ದಿನಾ ಕರೆದೆ, ದಿನಾ ಒತ್ತಾಯಿಸಿದೆ. ಮೂರನೆಯ ವಾರ, ಮಂಜು ಕವಿದ ಒಂದು ಬೆಳಿಗ್ಗೆ, ನನ್ನ ಕಾಟ ತಾಳಲಾರದೆ ಅವಳು ಒಳಗೆ ಬಂದು ಅಕ್ಕನ ಪಕ್ಕ ಕೂತಳು. ನಾವು ಮೂವರು ಒಂದೇ ಸಾಲಿನಲ್ಲಿ, ಒಂದೇ ಕಡೆ ನೋಡುತ್ತ! ನನ್ನ ಎದೆ ಉಬ್ಬಿತು.

ಆಗ ಹಿಂದಿನ ಗೋಡೆಯಾಚೆ ಯಾರೋ ಉಸಿರು ಬಿಟ್ಟರು.

ಮನುಷ್ಯರ ಉಸಿರು ಅಷ್ಟು ಉದ್ದ ಇರುವುದಿಲ್ಲ. ಅಕ್ಕನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಹಸಿ ಮಣ್ಣಿನ, ಲದ್ದಿಯ ವಾಸನೆ ತುಂಬಿತು. ಸೂರಿನ ತಗಡು ಒಮ್ಮೆ ಕಿರ್ ಎಂದಿತು. ಉಸಿರಾಡಲೆಂದು ನಾನು ಬಿಟ್ಟಿದ್ದ ಆ ಸಂದಿಯಿಂದ ಸೊಂಡಿಲು ಒಳಗಿಳಿಯಿತು. ಅದು ಅಕ್ಕನ ತಲೆಯ ಮೇಲೆ, ಕೂದಲಿಗೆ ತಾಗಿತೋ ಇಲ್ಲವೋ ಅನ್ನುವಂತೆ, ತಡಕಾಡಿತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಎದ್ದು ಓಡೋಣವೆಂದರೆ ಯಾವ ಕಡೆಗೆ? ಒಂದೇ ಇದೆಯೋ ಇನ್ನೂ ಇವೆಯೋ? ಮೂರು ಕಡೆಯೂ ನನ್ನ ಗೋಡೆ, ಏನೂ ಕಾಣದು. ನನ್ನ ಅಕ್ಕ ನನ್ನ ನಕ್ಷೆಯೊಳಗೆ ಸಾಯುತ್ತಾಳೆ ಎಂದುಕೊಂಡೆ. ಬೇರೆ ಏನೂ ಹೊಳೆಯಲಿಲ್ಲ.

"ಅಲ್ಲಾಡ್ಬ್ಯಾಡಿ" ಎಂದಳು ಮಾದಮ್ಮ, ತುಟಿ ಅಲುಗಿತೋ ಇಲ್ಲವೋ. ಮೆಲ್ಲಗೆ ಕಾಲು ಚಾಚಿ ಹುರುಳಿಕಾಯಿ ಚೀಲವನ್ನು ಎಡಕ್ಕೆ, ಗೋಡೆ ಮುಗಿಯುವ ಕಡೆಗೆ ತಳ್ಳಿದಳು. ಆಮೇಲೆ ಗೋಡೆಗೆ ಕಿವಿ ಇಟ್ಟಳು. ಸೊಂಡಿಲು ಹಿಂದಕ್ಕೆ ಹೋಯಿತು. ನಾವು ಕಾದೆವು. ನನ್ನ ಜೀವನದಲ್ಲಿ ಯಾವ ಬಸ್ಸಿಗೂ ಹಾಗೆ ಕಾದಿಲ್ಲ.

"ಒಂದೇಯ. ಎಡಕ್ಕೆ ಓಯ್ತಾದೆ. ನಾವು ಬಲಕ್ಕೆ. ಓಡ್ಬ್ಯಾಡಿ" ಎಂದಳು.

ಹೊರಬಂದೆವು. ಚೀಲದ ಮೇಲೆ ಕಾಲಿಟ್ಟು ಕಾಯಿ ಆಯುತ್ತಿದ್ದ ಆ ಬೂದು ಗುಡ್ಡೆಯನ್ನು ಮಂಜಿನಲ್ಲಿ ನೋಡುತ್ತ ಹಿಂದಿಂದಕ್ಕೆ ನಡೆದೆವು. ಅಕ್ಕನ ಕಾಲು ಹೊರಳಿತು, ಮಾದಮ್ಮ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡಂತೆ ಕರೆತಂದಳು. ಊರಿನ ಮೊದಲ ಮನೆಯ ಜಗಲಿ ಸಿಕ್ಕಿದ ಮೇಲೆಯೇ ನಾವು ಕೂತದ್ದು. ಆ ಮನೆಯವರು ತಂದ ಚೊಂಬಿನಿಂದ ಮೊದಲು ಮಾದಮ್ಮ ಕುಡಿದಳು, ಅವಳ ಕೈಯಿಂದಲೇ ಇಸಿದುಕೊಂಡು ಅಕ್ಕ ಕುಡಿದಳು. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ, ನನ್ನ ಹೊರತು.

ಉಸಿರು ಬಂದ ಮೇಲೆ ಅಕ್ಕ ನನ್ನನ್ನು ನೋಡಿದಳು. "ಇಪ್ಪತ್ತೊರ್ಸ ಆಯ್ತು ಕಣ್ಲಾ, ಅವ್ಳು ಕಾಡ ನೋಡ್ತಾಳೆ, ನಾನು ಬಸ್ಸ ನೋಡ್ತೀನಿ. ಮಾತಾಡುದ್ರೆ ಸದ್ದು ಕೇಳಾಕಿಲ್ಲ ಅಂತ ಮಾತೂ ಆಡಾಕಿಲ್ಲ. ನೀನು ಬಂದು ಗ್ವಾಡೆ ಕಟ್ಬುಟ್ಟೆ. ನೀನು ಊರ್ಗೆ ಒಸಬ ಕಣ್ಲಾ."

ಒಸಬ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಊರಿನ ಮಣ್ಣಿನಲ್ಲೇ ಹುಟ್ಟಿದ ನನಗೆ, ನನ್ನ ತಲೆ ಬಾಚಿದವಳು ಆಡಿದ ಮಾತು ಅದು. ಆ ರಾತ್ರಿಯೆಲ್ಲ ಚುಚ್ಚಿತು.

ಗೋಡೆಗಳನ್ನು ಒಡೆಸಿದೆ, ಬೆಂಚನ್ನೂ ಕೀಳಿಸಿದೆ. ಮೊದಲ ಏಟು ನಾನೇ ಹಾಕಿದೆ, ಸುತ್ತಿಗೆ ನನ್ನ ಹೆಬ್ಬೆರಳಿಗೂ ಒಂದು ಪಾಲು ಕೊಟ್ಟಿತು. ಈಗ ಅಲ್ಲಿ ನಾಲ್ಕು ಕಂಬ, ಮೇಲೊಂದು ತಗಡು, ನಡುವೆ, ಬೆಂಚಿದ್ದ ಜಾಗಕ್ಕೆ ಸರಿಸಿ ನೆಟ್ಟ ಆ ಹೊರೆಗಲ್ಲು. ಗಾಳಿ ಕೊರೆಯುತ್ತದೆ, ಬಾಯಿ ಮುಚ್ಚಿಕೊಂಡು ಕೊರೆಸಿಕೊಳ್ಳುತ್ತೇವೆ. ಮುಂದು ಯಾವುದು ಹಿಂದು ಯಾವುದು ಎಂದು ಹೇಳದ ಅಂಥ ಬೆಂಚನ್ನು ಮೂವತ್ತು ವರ್ಷದಲ್ಲಿ ನಾನು ಒಂದೂ ಬರೆದಿರಲಿಲ್ಲ.

ಮಾದಮ್ಮ ಕಳೆ ಕೀಳಲು ಗೆಟ್ಟವಾಡಿಯ ಕಡೆ ಹೋದ ದಿನಗಳಲ್ಲಿ ಅವಳ ಜಾಗದಲ್ಲಿ ನಾನು ಕೂರುತ್ತೇನೆ. ಮೊದಮೊದಲು ಅಕ್ಕ ಗಳಿಗೆಗೊಮ್ಮೆ ಕತ್ತು ಹೊರಳಿಸಿ ತಾನೇ ಕಾಡು ನೋಡುತ್ತಿದ್ದಳು. ಮಾದಮ್ಮ ಇದ್ದಾಗ ಒಂದು ಸಲವೂ ಹಾಗೆ ಮಾಡಿದವಳಲ್ಲ. ಅವಳ ಕತ್ತು ತಿರುಗಿದ್ದು ನನ್ನ ಬೆನ್ನಿಗೆ ತಿಳಿಯುತ್ತಿತ್ತು; ಪರೀಕ್ಷೆಯಲ್ಲಿ ಮೇಷ್ಟರು ಹಿಂದೆ ಬಂದು ನಿಂತಂತೆ ಇರುತ್ತಿತ್ತು. ನಾನು ಲಂಟಾನದ ಒಂದೊಂದು ಎಲೆಯನ್ನೂ ಎಣಿಸುವವನಂತೆ ನೋಡುತ್ತಿದ್ದೆ. ಇವಳು ಎಂದಾದರೂ ನನ್ನನ್ನು ನಂಬುತ್ತಾಳೆಯೇ ಎಂಬುದೊಂದೇ ಯೋಚನೆ.

ಕಳೆದ ವಾರ ಒಂದು ಬೆಳಿಗ್ಗೆ, ಮತ್ತೆ ಅದೇ ಮಂಜು. ಅಕ್ಕ ಒಮ್ಮೆ ತಿರುಗಿದಳು. ಎರಡನೆಯ ಸಲ ತಿರುಗುತ್ತಾಳೆಂದು ಬೆನ್ನು ಬಿಗಿ ಮಾಡಿಕೊಂಡು ಕೂತೆ. ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಭಾರವೆಲ್ಲ ನನ್ನ ಬೆನ್ನಿಗೆ ಬಂತು, ಸಣ್ಣಗೆ ಗೊರಕೆ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು; ಒರೆಸಿದರೆ ಅಷ್ಟು ಹೊತ್ತು ಕಾಡು ಕಾಣುವುದಿಲ್ಲವೆಂದು ಹಾಗೇ ಬಿಟ್ಟೆ. ಬಸ್ಸು ಬಂದ ಸದ್ದಾಯಿತು, ಹಾರ್ನು ಹೊಡೆಯಿತು, ಆದರೂ ನಾನು ತಿರುಗಲಿಲ್ಲ. ಅಕ್ಕ ಬೆಚ್ಚಿ ಎದ್ದ ಮೇಲೆಯೇ ಎದ್ದೆ.

ಕಂಡಕ್ಟರು ಸತ್ಯಮಂಗಲದಿಂದ ಈಚೆಗೆ ಬಂದವನು. ನಾವು ಹತ್ತುವಾಗ ತಮಿಳಿನಲ್ಲಿ ನಗುತ್ತ ಕೇಳಿದ, ಏನಣ್ಣ, ಅಕ್ಕನಿಗೂ ನಿಮಗೂ ಜಗಳವಾ, ಮುಖ ತಿರುಗಿಸಿಕೊಂಡು ಕೂತಿದ್ದೀರಿ?

ನಾನು ಎಲ್ಲವನ್ನೂ ವಿವರಿಸಲು ಬಾಯಿ ತೆರೆದೆ. ಅಕ್ಕ ಚೀಲವನ್ನು ಸೀಟಿನ ಕೆಳಗೆ ತಳ್ಳುತ್ತ ನನ್ನ ಅಂಗಿ ಎಳೆದಳು.

"ಸುಮ್ಕೆ ಕೂತ್ಕೋ. ಪಾಪ, ಊರ್ಗೆ ಒಸಬ."